ನೆನಪು ಮತ್ತು ಉಗ್ರಾಣ: ಡೇಟಾಬೇಸಿನ ಒಳಗೊಂದು ಇಣುಕುನೋಟ



ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಪತ್ರಿಕೆಯ ಸಂಪಾದಕರು ಸಿಕ್ಕರು. "ನಮ್ಮ ಕೂಟದಲ್ಲಿ ಅರ್ಧಕ್ಕರ್ಧ ಜನ ಕಂಪ್ಯೂಟರ್ ಕೆಲಸದವರೇ. ಆದರೆ ಅವರು ಏನು ಮಾಡುತ್ತಾರೆ ಅಂತ ಅವರ ಮನೆಯವರಿಗೇ ಗೊತ್ತಿಲ್ಲ. ನಿಮ್ಮ ಕೆಲಸದ ಬಗ್ಗೆ ಮನೆಮಂದಿಗೆಲ್ಲ ಅರ್ಥವಾಗುವ ಹಾಗೆ ಕನ್ನಡದಲ್ಲಿ ಒಂದು ಲೇಖನ ಬರೆದುಕೊಡಿ" ಎಂದರು. ಕೈಯಲ್ಲಿ ಒಬ್ಬಟ್ಟು ಇದ್ದಾಗ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಒಪ್ಪಿಕೊಂಡುಬಿಟ್ಟೆ.

ಮನೆಗೆ ಬಂದು ಯೋಚಿಸಿದಾಗ ನೆನಪಾದದ್ದು ನಮ್ಮ ಮಾವನವರು. ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದಾಗ ಒಂದು ರಾತ್ರಿ ನೀರು ಕುಡಿಯಲೆಂದು ಎದ್ದು ಬಂದವರು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದ ನನ್ನನ್ನು ನೋಡಿದರು.

"ಅಲ್ಲಮ್ಮಾ, ನಮ್ಮ ಕಾಲದಲ್ಲಿ ಸಂಜೆ ಲೆಕ್ಕ ಟ್ಯಾಲಿ ಆದರೆ ಬಾಗಿಲು ಹಾಕಿ ಮನೆಗೆ ಬರ್ತಿದ್ವಿ. ನೀನು ನಡುರಾತ್ರೀಲಿ ಯಾವ ಲೆಕ್ಕ ಹಾಕ್ತಿದ್ದೀಯ?"

"ಡೇಟಾಬೇಸ್ ನಿಧಾನ ಆಗಿಬಿಟ್ಟಿದೆ ಮಾವ. ಡಿಸ್ಕ್‌ನಿಂದ ಮಾಹಿತಿ ಬರೋದು ತಡ ಆಗ್ತಿದೆ."

"ಬರೋದು ಅಂದರೆ ಎಲ್ಲಿಂದ ಎಲ್ಲಿಗೆ? ಎಲ್ಲ ಒಂದೇ ಪೆಟ್ಟಿಗೆಯೊಳಗೆ ತಾನೇ ಇರೋದು?"

ಒಳ್ಳೆಯ ಪ್ರಶ್ನೆ. ಈ ಲೇಖನ ಆ ಪ್ರಶ್ನೆಗೆ ಉತ್ತರ.

ಎರಡು ಜಾಗಗಳು

ಗಣಕಯಂತ್ರದೊಳಗೆ ಮಾಹಿತಿ ಇರಲು ಮುಖ್ಯವಾಗಿ ಎರಡು ಜಾಗಗಳಿವೆ. ಒಂದು ಮೆಮೊರಿ, ಅಂದರೆ ರ‍್ಯಾಮ್. ಇನ್ನೊಂದು ಸ್ಟೋರೇಜ್, ಅಂದರೆ ಹಾರ್ಡ್ ಡಿಸ್ಕ್ ಅಥವಾ ಈಗಿನ ಎಸ್‌ಎಸ್‌ಡಿ. ಲೆಕ್ಕ ಮಾಡುವ ಪ್ರೊಸೆಸರ್ ಮೆಮೊರಿಯಲ್ಲಿ ಇರುವುದನ್ನು ಮಾತ್ರ ಮುಟ್ಟಬಲ್ಲದು. ಡಿಸ್ಕ್‌ನಲ್ಲಿ ಇರುವುದನ್ನು ಮೊದಲು ಮೆಮೊರಿಗೆ ತರಬೇಕು, ಬದಲಾಯಿಸಿದ ಮೇಲೆ ಮತ್ತೆ ಡಿಸ್ಕ್‌ಗೆ ಒಯ್ದು ಇಡಬೇಕು. ಮೆಮೊರಿ ಅಡುಗೆಮನೆಯ ಕಟ್ಟೆ ಇದ್ದಂತೆ, ಡಿಸ್ಕ್ ಉಗ್ರಾಣ.

ಎಲ್ಲವನ್ನೂ ಕಟ್ಟೆಯ ಮೇಲೇ ಇಟ್ಟುಕೊಂಡರೆ ಆಗದೇ? ಆಗದು, ಅದಕ್ಕೆ ಎರಡು ಕಾರಣ. ಮೊದಲನೆಯದು ದುಡ್ಡು: ಅಷ್ಟೇ ಮಾಹಿತಿ ಹಿಡಿಸುವ ಮೆಮೊರಿಗೆ ಡಿಸ್ಕ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ. ಎರಡನೆಯದು ಇನ್ನೂ ಮುಖ್ಯ: ಕರೆಂಟು ಹೋದರೆ ಮೆಮೊರಿಯಲ್ಲಿ ಇದ್ದದ್ದೆಲ್ಲ ಮಾಯ. ಡಿಸ್ಕ್‌ನಲ್ಲಿ ಇದ್ದದ್ದು ಉಳಿಯುತ್ತದೆ. ಹೆಸರಿಗೆ ಮೆಮೊರಿ, ಅಂದರೆ ನೆನಪು. ಆದರೆ ನೆನಪಿಟ್ಟುಕೊಳ್ಳುವ ಕೆಲಸ ಅದರದಲ್ಲ.

ಒಂದು ಸೆಕೆಂಡ್ ಎಲ್ಲಿ, ಇಪ್ಪತ್ತೆಂಟು ಗಂಟೆ ಎಲ್ಲಿ

ಮೆಮೊರಿಯಿಂದ ಒಂದು ತುಣುಕು ಮಾಹಿತಿ ಬರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಒಂದು ಸೆಕೆಂಡನ್ನು ಒಂದು ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು ಚೂರು. ಎಸ್‌ಎಸ್‌ಡಿಯಿಂದ ಬರಲು ಸುಮಾರು 100 ಮೈಕ್ರೊಸೆಕೆಂಡ್, ಅಂದರೆ ಸಾವಿರ ಪಟ್ಟು. ತಿರುಗುವ ಹಾರ್ಡ್ ಡಿಸ್ಕ್‌ನಿಂದ ಬರಲು ಸುಮಾರು 10 ಮಿಲಿಸೆಕೆಂಡ್, ಅಂದರೆ ಲಕ್ಷ ಪಟ್ಟು.

ಈ ಸಂಖ್ಯೆಗಳು ಕಣ್ಣಿಗೆ ಕಟ್ಟುವುದಿಲ್ಲ. ಮಾವನವರಿಗೆ ನಾನು ಹೀಗೆ ಹೇಳಿದೆ: ಸಾರಿಗೆ ಉಪ್ಪು ಹಾಕಬೇಕು. ಒಲೆಯ ಪಕ್ಕದ ಡಬ್ಬಿಯಿಂದ ತೆಗೆಯಲು ಒಂದು ಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. ಅದು ಮೆಮೊರಿ. ಅದೇ ಲೆಕ್ಕದಲ್ಲಿ ಎಸ್‌ಎಸ್‌ಡಿ ಎಂದರೆ ಹದಿನೇಳು ನಿಮಿಷ. ಕಾರು ತೆಗೆದುಕೊಂಡು ಹೋಗಿ ಅಂಗಡಿಯಿಂದ ತಂದ ಹಾಗೆ. ಹಾರ್ಡ್ ಡಿಸ್ಕ್ ಎಂದರೆ ಸುಮಾರು ಇಪ್ಪತ್ತೆಂಟು ಗಂಟೆ. ಸ್ಯಾನ್ ಫ್ರಾನ್ಸಿಸ್ಕೊದ ನಮ್ಮ ಮನೆ ಬಾಗಿಲಿನಿಂದ ಹೊರಟು, ನಡುವೆ ಒಂದು ಕಡೆ ವಿಮಾನ ಬದಲಾಯಿಸಿ, ಬೆಂಗಳೂರಿನ ಮನೆ ಮುಟ್ಟಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ!

"ಒಂದು ಚಿಟಿಕೆ ಉಪ್ಪಿಗೆ ಬೆಂಗಳೂರಿಗೆ ಹೋಗೋದೇ?" ಎಂದು ಮಾವನವರು ನಕ್ಕರು. ಹಾರ್ಡ್ ಡಿಸ್ಕ್ ನಿಧಾನವಾಗಲು ಕಾರಣ ಅದರೊಳಗೆ ನಿಜವಾಗಿ ಓಡಾಡುವ ವಸ್ತುಗಳಿವೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಓದುವ ತೋಳು ಸರಿಯಾದ ಪಟ್ಟಿಯ ಮೇಲೆ ಬಂದು ನಿಲ್ಲಬೇಕು. ಎಲ್ಲ ಸೇರಿ ಸೆಕೆಂಡಿಗೆ ನೂರರ ಒಳಗೇ ಪ್ರಯಾಣ ಸಾಧ್ಯ. ಪ್ರೊಸೆಸರ್ ಎಷ್ಟೇ ಚುರುಕಾಗಿರಲಿ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ ಡಿಸ್ಕ್ ಅದನ್ನು ಕಾಯಿಸುತ್ತದೆ.

ಈ ಕಥೆ ಶುರುವಾದದ್ದು ನಮ್ಮ ಊರಿನ ಪಕ್ಕದಲ್ಲೇ. ಜಗತ್ತಿನ ಮೊದಲ ಮಾರಾಟದ ಡಿಸ್ಕ್, 1956ರ ಐಬಿಎಂ ರಮ್ಯಾಕ್, ತಯಾರಾದದ್ದು ಸ್ಯಾನ್ ಹೋಸೆಯಲ್ಲಿ. 24 ಅಂಗುಲದ ಐವತ್ತು ತಟ್ಟೆಗಳು, ಹಿಡಿಸುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ಇಂದಿನ ಫೋನಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೋ ಇಡಲೂ ಅದರಲ್ಲಿ ಕಷ್ಟ. ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನವರು ಅಂಥದೊಂದನ್ನು ದುರಸ್ತಿ ಮಾಡಿ ಇಟ್ಟಿದ್ದಾರೆ. ಊರಿನಿಂದ ಬಂದವರನ್ನು ಗೋಲ್ಡನ್ ಗೇಟ್ ಸೇತುವೆಗೆ ಕರೆದುಕೊಂಡು ಹೋಗುವವರು ಇಲ್ಲಿಗೂ ಒಮ್ಮೆ ಕರೆದುಕೊಂಡು ಹೋಗಿ.

ಮೊದಲ ಉಪಾಯ: ಸೂಟ್‌ಕೇಸ್ ತುಂಬಿಕೊಂಡು ಬನ್ನಿ

ಊರಿಗೆ ಹೋದ ನಾವು ಯಾರಾದರೂ ಒಂದು ಪೊಟ್ಟಣ ಸಾರಿನ ಪುಡಿ ಹಿಡಿದುಕೊಂಡು ವಾಪಸು ಬರುತ್ತೇವೆಯೇ? 23 ಕೆಜಿಯ ಎರಡು ಸೂಟ್‌ಕೇಸ್ ತುಂಬ ಸಾರಿನ ಪುಡಿ, ಹುಳಿ ಪುಡಿ, ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ತುಂಬಿಕೊಂಡು ಬರುತ್ತೇವೆ. ಪ್ರಯಾಣದ ಖರ್ಚು ಹೇಗೂ ಆಗಿದೆ. ಸಾಮಾನು ಹೆಚ್ಚಾದರೆ ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ.

ಡೇಟಾಬೇಸ್ ಮಾಡುವುದೂ ಇದನ್ನೇ. ಒಬ್ಬ ಗ್ರಾಹಕನ ವಿಳಾಸ ಬೇಕೆಂದರೆ ಆ ನೂರು ಅಕ್ಷರಗಳನ್ನಷ್ಟೇ ತರುವುದಿಲ್ಲ, ಅದು ಇರುವ ಇಡೀ ಪುಟವನ್ನು ತರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪುಟ ಎಂದರೆ 8 ಕಿಲೋಬೈಟ್, ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿಯಲ್ಲಿ 16 ಕಿಲೋಬೈಟ್. ಒಟ್ಟಿಗೆ ಬೇಕಾಗುವುದನ್ನು ಒಂದೇ ಪುಟದಲ್ಲಿ, ಪುಟಗಳನ್ನು ಒಂದರ ಪಕ್ಕ ಒಂದು ಜೋಡಿಸಿಟ್ಟರೆ ಇನ್ನೂ ಲಾಭ. ಒಂದು ಹಾರ್ಡ್ ಡಿಸ್ಕ್‌ನಲ್ಲಿ ಅಲ್ಲೊಂದು ಇಲ್ಲೊಂದು ಎಂದು 8 ಕಿಲೋಬೈಟ್ ಪುಟಗಳನ್ನು ಹೆಕ್ಕಿದರೆ ಸೆಕೆಂಡಿಗೆ ಒಂದು ಮೆಗಾಬೈಟ್ ಕೂಡ ಬರುವುದಿಲ್ಲ. ಅದೇ ಡಿಸ್ಕ್‌ನಿಂದ ಸಾಲಾಗಿ ಓದಿದರೆ ಸೆಕೆಂಡಿಗೆ 150 ಮೆಗಾಬೈಟ್ ಬರುತ್ತದೆ. ಡಿಸ್ಕ್ ಅದೇ; ಬದಲಾದದ್ದು ಕೇಳಿದ ರೀತಿ. ಮಾಹಿತಿಯನ್ನು ಹಿಂಡಿ ಇಡುವುದು, ಅಂದರೆ ಕಂಪ್ರೆಶನ್, ಗಾಳಿ ತೆಗೆದ ಚೀಲದಲ್ಲಿ ಸೀರೆ ತುಂಬುವ ಉಪಾಯ: ಅದೇ ಪೆಟ್ಟಿಗೆಯಲ್ಲಿ ಹೆಚ್ಚು ಸೀರೆ, ಬಿಚ್ಚಿ ಇಸ್ತ್ರಿ ಮಾಡುವ ಕೆಲಸ ಪ್ರೊಸೆಸರ್‌ಗೆ.

ಎರಡನೆಯ ಉಪಾಯ: ಬೇಕಾದ್ದು ಕೈಗೆಟುಕುವಂತಿರಲಿ

ತಂದ ಪುಟವನ್ನು ಕೆಲಸವಾದೊಡನೆ ಎಸೆಯುವುದಿಲ್ಲ. ಮತ್ತೆ ಬೇಕಾದೀತೆಂದು ಮೆಮೊರಿಯ ಒಂದು ಭಾಗದಲ್ಲಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಬಫರ್ ಪೂಲ್ ಎಂದು ಹೆಸರು. ಒಲೆಯ ಪಕ್ಕದ ಕಪಾಟು ಎನ್ನಿ. ಕಪಾಟು ಚಿಕ್ಕದು, ಹಾಗಾಗಿ ಹೊಸದು ಬಂದಾಗ ಹಳೆಯದನ್ನು ಯಾವುದೋ ಒಂದನ್ನು ಹೊರಗೆ ಹಾಕಬೇಕು. ಯಾವುದನ್ನು? ಸಾಮಾನ್ಯ ನಿಯಮ: ಎಲ್ಲಕ್ಕಿಂತ ಹೆಚ್ಚು ದಿನದಿಂದ ಯಾರೂ ಮುಟ್ಟದ್ದನ್ನು. ಸಾಸಿವೆ ಡಬ್ಬಿ ಕಪಾಟಿನಲ್ಲೇ ಇರಲಿ, ವರ್ಷಕ್ಕೊಮ್ಮೆ ಬೇಕಾಗುವ ಮೋದಕದ ಅಚ್ಚು ಅಟ್ಟಕ್ಕೆ ಹೋಗಲಿ.

ಈ ನಿಯಮದಲ್ಲಿ ಒಂದು ತೊಡಕಿದೆ. ಯಾರೋ ಬಂದು ಉಗ್ರಾಣದಲ್ಲಿರುವ ಎಲ್ಲ ಡಬ್ಬಿಗಳನ್ನೂ ಒಮ್ಮೊಮ್ಮೆ ತೆರೆದು ನೋಡಬೇಕು ಎಂದರೆ? ಆಗ ಪ್ರತಿಯೊಂದೂ ಕಪಾಟಿಗೆ ಬಂದು, ಇದ್ದದ್ದನ್ನು ತಳ್ಳುತ್ತಾ ಹೋಗುತ್ತದೆ. ಕೊನೆಗೆ ನೋಡಿದರೆ ಕಪಾಟಿನ ತುಂಬ ಇನ್ನು ಯಾರಿಗೂ ಬೇಡದ ಡಬ್ಬಿಗಳು, ಸಾಸಿವೆ ಮಾತ್ರ ಇಲ್ಲ. ಆ ನಡುರಾತ್ರಿ ನನಗೆ ಆಗಿದ್ದೂ ಇದೇ. ಯಾರೋ ಹೊಸದಾಗಿ ಬರೆದ ಒಂದು ವರದಿ ಇಡೀ ಟೇಬಲ್ಲನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತು. ಅದು ಓದಿ ಮುಗಿಸುವಷ್ಟರಲ್ಲಿ ಉಳಿದ ಸಾವಿರಾರು ಗ್ರಾಹಕರಿಗೆ ಬೇಕಾದ ಪುಟಗಳೆಲ್ಲ ಹೊರಗೆ ಹೋಗಿದ್ದವು. ಪ್ರತಿಯೊಬ್ಬರ ಚಿಟಿಕೆ ಉಪ್ಪಿಗೂ ಮತ್ತೆ ದೂರದ ಪ್ರಯಾಣ.

ಇದಕ್ಕೆ ರಕ್ಷಣೆ ಇದೆ. ಇನ್ನೊಡಿಬಿ ತನ್ನ ಕಪಾಟನ್ನು ಎರಡು ಭಾಗ ಮಾಡಿ, ಹೊಸದಾಗಿ ಬಂದ ಪುಟವನ್ನು ಮೊದಲು ಕೆಳಗಿನ ಸಣ್ಣ ಭಾಗದಲ್ಲಿ ಇಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಯಾರಾದರೂ ಕೇಳಿದರೆ ಮಾತ್ರ ಮೇಲಕ್ಕೆ ಬಡ್ತಿ. ಪೋಸ್ಟ್‌ಗ್ರೆಸ್ ಅಂತಹ ದೊಡ್ಡ ಓದಿಗೆ ಒಂದು ಪುಟ್ಟ ತಟ್ಟೆ ಕೊಟ್ಟು, "ಇದರಲ್ಲೇ ತಿರುಗಿಸಿ ತಿರುಗಿಸಿ ಕೆಲಸ ಮುಗಿಸಿಕೋ" ಎನ್ನುತ್ತದೆ. ನಮ್ಮಲ್ಲಿ ಈ ಹೊಂದಾಣಿಕೆಯನ್ನು ಯಾರೋ ಎಂದೋ ಬದಲಾಯಿಸಿಬಿಟ್ಟಿದ್ದರು. ಸರಿಪಡಿಸಿ ಮಲಗುವಾಗ ಬೆಳಗಿನ ಜಾವ ಮೂರು ಗಂಟೆ.

ಐದು ನಿಮಿಷದ ನಿಯಮ

ಯಾವ ಪುಟ ಮೆಮೊರಿಯಲ್ಲಿ ಇರಲು ಅರ್ಹ, ಯಾವುದು ಅಲ್ಲ ಎನ್ನುವುದಕ್ಕೆ ಹಣದ ಲೆಕ್ಕದಲ್ಲಿ ಉತ್ತರ ಕೊಟ್ಟವರು ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಸೊಲು. ಇಬ್ಬರೂ ಇಲ್ಲೇ ಟ್ಯಾಂಡೆಮ್ ಕಂಪನಿಯಲ್ಲಿದ್ದರು. 1987ರಲ್ಲಿ ಅವರು ಹಾಕಿದ ಲೆಕ್ಕ ಸರಳ. ಸೆಕೆಂಡಿಗೊಮ್ಮೆ ಡಿಸ್ಕ್ ಮುಟ್ಟುವ ಸೌಲಭ್ಯಕ್ಕೆ ಆಗ ಸುಮಾರು 2,000 ಡಾಲರ್ ಖರ್ಚು. ಒಂದು ಕಿಲೋಬೈಟ್ ಮೆಮೊರಿಗೆ 5 ಡಾಲರ್. ಭಾಗಿಸಿದರೆ 400. ಅಂದರೆ ಒಂದು ಕಿಲೋಬೈಟಿನ ದಾಖಲೆಯನ್ನು 400 ಸೆಕೆಂಡಿಗೆ ಒಮ್ಮೆಗಿಂತ ಹೆಚ್ಚು ಸಲ ಕೇಳುತ್ತಾರಾದರೆ ಅದನ್ನು ಮೆಮೊರಿಯಲ್ಲಿಡುವುದೇ ಅಗ್ಗ. ಅದಕ್ಕಿಂತ ಅಪರೂಪವಾದರೆ ಡಿಸ್ಕ್‌ನಲ್ಲೇ ಇರಲಿ. ಬಾಯಲ್ಲಿ ನಿಲ್ಲಲೆಂದು ಇದನ್ನು "ಐದು ನಿಮಿಷದ ನಿಯಮ" ಎಂದರು. ಬೆಲೆಗಳು ಬದಲಾದಂತೆ ಈ ಲೆಕ್ಕವನ್ನು ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಹಾಕುವ ರೂಢಿಯೇ ಬೆಳೆಯಿತು.

ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂತು. 2007ರ ಜನವರಿ 28ರಂದು, ತೀರಿಕೊಂಡ ತಾಯಿಯ ಚಿತಾಭಸ್ಮವನ್ನು ಸಮುದ್ರಕ್ಕೆ ಬಿಡಲೆಂದು ಒಬ್ಬರೇ ದೋಣಿ ನಡೆಸಿಕೊಂಡು ಸ್ಯಾನ್ ಫ್ರಾನ್ಸಿಸ್ಕೊದಿಂದ ಫ್ಯಾರಲಾನ್ ದ್ವೀಪಗಳ ಕಡೆಗೆ ಹೋದವರು ಹಿಂತಿರುಗಲಿಲ್ಲ. ಸಾವಿರಾರು ಮಂದಿ ಸ್ವಯಂಸೇವಕರು ಉಪಗ್ರಹದ ಚಿತ್ರಗಳಲ್ಲಿ ದೋಣಿಯನ್ನು ಹುಡುಕಿದರು, ಸಿಗಲಿಲ್ಲ. ನಮ್ಮ ವೃತ್ತಿಯವರು ಇಂದಿಗೂ ಅವರನ್ನು ಪ್ರೀತಿಯಿಂದ ನೆನೆಯುತ್ತಾರೆ.

ಮೂರನೆಯ ಉಪಾಯ: ಕಡಿಮೆ ಹೆಜ್ಜೆಯ ದಾರಿ

ಎರಡು ಕೋಟಿ ಗ್ರಾಹಕರಲ್ಲಿ ಒಬ್ಬರನ್ನು ಹುಡುಕಲು ಎರಡು ಕೋಟಿ ಸಾಲು ಓದಬೇಕಾಗಿಲ್ಲ. ಅದಕ್ಕೆ ಇಂಡೆಕ್ಸ್ ಇದೆ. 1972ರಲ್ಲಿ ರೂಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಪ್ರಕಟಿಸಿದ ಬಿ-ಟ್ರೀ ಎನ್ನುವ ರಚನೆ ಇಂದಿಗೂ ಹೆಚ್ಚಿನ ಡೇಟಾಬೇಸ್‌ಗಳ ಬೆನ್ನೆಲುಬು. ಒಂದು ಪುಟದಲ್ಲಿ "ಈ ಹೆಸರಿನಿಂದ ಈ ಹೆಸರಿನವರೆಗೆ ಆ ಪುಟಕ್ಕೆ ಹೋಗಿ" ಎನ್ನುವ ಸುಮಾರು 300 ಕೈಮರಗಳು ಹಿಡಿಸುತ್ತವೆ ಎಂದುಕೊಳ್ಳಿ. ಮೊದಲ ಪುಟದಿಂದ 300 ಪುಟ, ಅಲ್ಲಿಂದ 90 ಸಾವಿರ, ಮೂರನೆಯ ಹೆಜ್ಜೆಗೆ 2 ಕೋಟಿ 70 ಲಕ್ಷ ದಾಖಲೆ! ಮೇಲಿನ ಪುಟಗಳು ಎಲ್ಲರಿಗೂ ಬೇಕಾಗುವುದರಿಂದ ಕಪಾಟಿನಲ್ಲೇ ಇರುತ್ತವೆ. ಹೀಗಾಗಿ ನಿಜವಾದ ಪ್ರಯಾಣ ಸಾಮಾನ್ಯವಾಗಿ ಒಂದೋ ಎರಡೋ. ಆ ವರದಿಗೂ ಮರುದಿನ ನಾವು ಮಾಡಿದ ಶಾಶ್ವತ ಪರಿಹಾರ ಒಂದು ಇಂಡೆಕ್ಸ್ ಸೇರಿಸಿದ್ದು.

ನಾಲ್ಕನೆಯ ಉಪಾಯ: ಒಂದೇ ಕೌಂಟರ್ ಏಕೆ?

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ. ಒಳಗೆ ಅನೇಕ ಚಿಪ್‌ಗಳು ಏಕಕಾಲಕ್ಕೆ ಕೆಲಸ ಮಾಡಬಲ್ಲವು. ಆದರೆ ಹಳೆಯ ಸಂಪರ್ಕದ ರೀತಿ ಹಾರ್ಡ್ ಡಿಸ್ಕ್ ಕಾಲದ್ದು: ಒಂದೇ ಸಾಲು, ಅದರಲ್ಲಿ ಹೆಚ್ಚೆಂದರೆ 32 ಕೋರಿಕೆ. ಹತ್ತು ಮಂದಿ ಗುಮಾಸ್ತರಿದ್ದರೂ ಒಂದೇ ಕೌಂಟರ್ ತೆರೆದಿಟ್ಟ ಹಾಗೆ. 2011ರಲ್ಲಿ ಬಂದ ಎನ್‌ವಿಎಂಇ ಎನ್ನುವ ಹೊಸ ಪದ್ಧತಿ 64 ಸಾವಿರದವರೆಗೆ ಸಾಲುಗಳಿಗೆ, ಪ್ರತಿ ಸಾಲಿನಲ್ಲೂ 64 ಸಾವಿರದವರೆಗೆ ಕೋರಿಕೆಗಳಿಗೆ ಅವಕಾಶ ಮಾಡಿಕೊಟ್ಟಿತು.

ಕೌಂಟರ್‌ಗಳು ತೆರೆದರೆ ಸಾಲದು, ಕೇಳುವವರೂ ಜಾಣರಾಗಬೇಕು. ಒಂದು ಪುಟ ಕೇಳಿ, ಬರುವವರೆಗೆ ಸುಮ್ಮನೆ ನಿಂತು, ಬಂದ ಮೇಲೆ ಇನ್ನೊಂದು ಕೇಳುವುದಾದರೆ ಪ್ರತಿ ಸಲವೂ ಹದಿನೇಳು ನಿಮಿಷ ವ್ಯರ್ಥ. ಬೇಕಾದ ಐವತ್ತು ಪುಟಗಳನ್ನೂ ಒಟ್ಟಿಗೆ ಕೇಳಿಟ್ಟು, ಬಂದದ್ದು ಬಂದಂತೆ ಕೆಲಸ ಮಾಡಿದರೆ? ಲಿನಕ್ಸ್‌ನಲ್ಲಿ 2019ರಲ್ಲಿ ಬಂದ ಐಒ-ಯುರಿಂಗ್ ಇಂತಹ ಕೇಳಿಕೆಯನ್ನು ಹಗುರ ಮಾಡಿತು. 2025ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಪೋಸ್ಟ್‌ಗ್ರೆಸ್ 18 ಓದುವ ಕೆಲಸಕ್ಕೆ ಈ ರೀತಿಯ ಕಾಯದ ಕೇಳಿಕೆಯನ್ನು ಅಳವಡಿಸಿಕೊಂಡಿದೆ.

ಮೆಮೊರಿಗೂ ಡಿಸ್ಕ್‌ಗೂ ನಡುವಿನ ಈ ಕಂದಕವನ್ನೇ ಮುಚ್ಚಲು ಹೊರಟವರೂ ಇದ್ದರು. ಕರೆಂಟು ಹೋದರೂ ಮರೆಯದ ಮೆಮೊರಿಯನ್ನು ಇಂಟೆಲ್ ಆಪ್ಟೇನ್ ಎಂಬ ಹೆಸರಿನಲ್ಲಿ 2019ರಲ್ಲಿ ಮಾರುಕಟ್ಟೆಗೆ ತಂದಿತು. ಖರ್ಚಿಗೆ ತಕ್ಕ ಗಿರಾಕಿ ಸಿಗಲಿಲ್ಲ. 2022ರಲ್ಲಿ ಆ ವ್ಯವಹಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಹಾಗಾಗಿ ಕಂದಕ ಹಾಗೇ ಇದೆ. ನಮ್ಮಂಥವರ ಕೆಲಸವೂ ಉಳಿದಿದೆ.

ಮಾವನವರ ಸ್ಕ್ರಾಲ್

ಇಷ್ಟು ಹೊತ್ತು ಹೇಳಿದ್ದು ಓದುವ ವಿಷಯ. ಬರೆಯುವುದು ಇನ್ನೂ ನಾಜೂಕು. ಗ್ರಾಹಕ ನೂರು ಡಾಲರ್ ಕಟ್ಟಿದ. ಅವನ ಖಾತೆಯ ಪುಟ ಮೆಮೊರಿಯಲ್ಲಿ ಬದಲಾಯಿತು. "ನಿಮ್ಮ ಹಣ ಜಮಾ ಆಗಿದೆ" ಎಂದು ಹೇಳಿದೆವು. ಆ ಪುಟ ಡಿಸ್ಕ್‌ಗೆ ಹೋಗುವ ಮೊದಲೇ ಕರೆಂಟು ಹೋಯಿತು. ಹಣ ಎಲ್ಲಿ? ಹಾಗಾದರೆ ಪ್ರತಿ ಸಲವೂ ಖಾತೆಯ ಪುಟವನ್ನು ಡಿಸ್ಕ್‌ಗೆ ಬರೆದ ಮೇಲೆಯೇ ಹೇಳೋಣ ಎಂದರೆ, ಒಬ್ಬೊಬ್ಬರ ಪುಟವೂ ಡಿಸ್ಕ್‌ನ ಬೇರೆ ಬೇರೆ ಮೂಲೆಯಲ್ಲಿ. ವಿಪರೀತ ನಿಧಾನ.

ಇದನ್ನು ಮಾವನವರಿಗೆ ವಿವರಿಸಲು ಹೊರಟಾಗ ಅವರೇ ನನ್ನನ್ನು ತಡೆದರು.

"ಇದರಲ್ಲೇನಮ್ಮಾ ಹೊಸದು? ನಮ್ಮ ಕ್ಯಾಷಿಯರ್ ದುಡ್ಡು ಎಣಿಸಿಕೊಂಡು ಮೊದಲು ಸ್ಕ್ರಾಲಿನಲ್ಲಿ ಒಂದು ಸಾಲು ಬರೀತಿದ್ದ. ಆಮೇಲೇ ಕೌಂಟರ್‌ಫಾಯಿಲಿಗೆ ಸೀಲು. ಲೆಡ್ಜರ್ ಪೋಸ್ಟಿಂಗ್ ಆಮೇಲೆ, ನಿಧಾನವಾಗಿ. ಸ್ಕ್ರಾಲ್ ಬರೆಯದೆ ಸೀಲು ಹಾಕಿದ್ರೆ ಕೆಲಸಕ್ಕೇ ಸಂಚಕಾರ."

ಅಕ್ಷರಶಃ ಇದೇ! ಡೇಟಾಬೇಸಿನ ಭಾಷೆಯಲ್ಲಿ ಆ ಸ್ಕ್ರಾಲಿಗೆ ಲಾಗ್ ಎನ್ನುತ್ತಾರೆ. ನಿಯಮ ಒಂದೇ: ಮೊದಲು ಲಾಗ್, ಆಮೇಲೆ ಮಾತು. ಲಾಗ್ ಒಂದೇ ಪುಸ್ತಕ, ಸಾಲಿನ ಕೆಳಗೆ ಸಾಲು ಬರೆಯುತ್ತಾ ಹೋಗುವುದು. ಲೆಡ್ಜರ್‌ಗಳನ್ನು ಹುಡುಕಿ, ಪುಟ ತಿರುವಿ ಬರೆಯುವ ಓಡಾಟ ಇಲ್ಲ. ಹಾಗಾಗಿ ವೇಗ. ಲೆಡ್ಜರ್ ಪುಟಗಳು ಬಿಡುವಾದಾಗ ಒಟ್ಟೊಟ್ಟಿಗೆ ಡಿಸ್ಕ್‌ಗೆ ಹೋಗುತ್ತವೆ. ಸಂಜೆ ಎಲ್ಲ ಪೋಸ್ಟಿಂಗ್ ಮುಗಿದ ಮೇಲೆ ಎಳೆಯುವ ಗೆರೆಗೆ ಚೆಕ್‌ಪಾಯಿಂಟ್ ಎಂದು ಹೆಸರು.

"ಪೋಸ್ಟಿಂಗ್ ಅರ್ಧಕ್ಕೆ ನಿಂತರೆ ಏನು ಮಾಡ್ತಿದ್ರಿ ಮಾವ?"

"ಕೊನೆಯ ಗೆರೆಯಿಂದ ಸ್ಕ್ರಾಲ್ ನೋಡ್ಕೊಂಡು ಬಿಟ್ಟುಹೋದದ್ದನ್ನು ಬರೆಯೋದು. ತಪ್ಪು ಎಂಟ್ರಿ ಇದ್ರೆ ಹೊಡೆದು ಹಾಕೋ ಹಾಗಿಲ್ಲ, ಅದಕ್ಕೆ ರಿವರ್ಸ್ ಎಂಟ್ರಿ."

ಐಐಟಿ ಮದ್ರಾಸಿನಲ್ಲಿ ಓದಿ, ಸ್ಯಾನ್ ಹೋಸೆಯ ಐಬಿಎಂ ಆಲ್ಮಡೆನ್ ಸಂಶೋಧನಾ ಕೇಂದ್ರದಲ್ಲಿದ್ದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಏರೀಸ್ ಎನ್ನುವ ಪ್ರಸಿದ್ಧ ವಿಧಾನದ ತಿರುಳು ಇದೇ. ಯಂತ್ರ ಮತ್ತೆ ಎದ್ದಾಗ ಲಾಗ್ ನೋಡಿಕೊಂಡು ನಡೆದದ್ದನ್ನೆಲ್ಲ ಮತ್ತೊಮ್ಮೆ ಮಾಡು. ಪೂರ್ತಿಯಾಗದೆ ಉಳಿದ ವ್ಯವಹಾರಗಳನ್ನು ಹಿಂದಕ್ಕೆ ತಿರುಗಿಸು, ತಿರುಗಿಸಿದ್ದನ್ನೂ ಲಾಗ್‌ನಲ್ಲಿ ಬರೆ. ಮಾವನವರಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಮರೆಯಲಾರೆ.

ಇದರ ಮೇಲೊಂದು ಉಪಾಯ ಉಂಟು. ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುವುದಾದರೆ, ಒಬ್ಬೊಬ್ಬರ ಸಾಲನ್ನೂ ಬೇರೆ ಬೇರೆಯಾಗಿ ಬರೆದರೆ ಸೆಕೆಂಡಿಗೆ ಸುಮಾರು 120 ವ್ಯವಹಾರಗಳಷ್ಟೇ ಆದಾವು. ಅದರ ಬದಲು ಒಂದು ಕ್ಷಣ ತಾಳಿ, ಬಂದಿರುವ ಐವತ್ತು ಜನರ ಸಾಲುಗಳನ್ನು ಒಂದೇ ಏಟಿಗೆ ಬರೆದು ಐವತ್ತೂ ಜನರಿಗೆ ಒಟ್ಟಿಗೆ ಸೀಲು ಹಾಕಿದರೆ ಕೆಲಸ ಹಲವು ಪಟ್ಟು ಹೆಚ್ಚುತ್ತದೆ. ಇದು ಗ್ರೂಪ್ ಕಮಿಟ್.

ಸೀಲು ಸುಳ್ಳಾದರೆ

ಇಲ್ಲಿಯೇ ಆಸೆ ಹುಟ್ಟುವುದು. ಲಾಗ್ ಬರೆಯಲು ಹೇಳಿದರೂ ಆಪರೇಟಿಂಗ್ ಸಿಸ್ಟಮ್ ಅದನ್ನು ತಕ್ಷಣ ಡಿಸ್ಕ್‌ಗೆ ಬರೆಯುವುದಿಲ್ಲ, ತನ್ನದೇ ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡು "ಆಯಿತು" ಎನ್ನುತ್ತದೆ. ಅದಕ್ಕೆ ಡೇಟಾಬೇಸ್ ಪ್ರತಿ ಸಲವೂ "ನಿಜವಾಗಿ ಡಿಸ್ಕ್ ಮುಟ್ಟಿದ ಮೇಲೆ ಹೇಳು" ಎಂದು ಒತ್ತಾಯಿಸಬೇಕು. ಈ ಆಜ್ಞೆಯ ಹೆಸರು ಎಫ್‌ಸಿಂಕ್. ಡೇಟಾಬೇಸಿನಲ್ಲಿ ಇದನ್ನು ಬಿಟ್ಟುಬಿಡುವ ಸ್ವಿಚ್ ಇದೆ. ಬಿಟ್ಟರೆ ವೇಗ ಒಮ್ಮೆಲೇ ಎಷ್ಟೋ ಪಟ್ಟು ಏರುತ್ತದೆ, ನೋಡಿದವರು ಶಹಬ್ಬಾಸ್ ಎನ್ನುತ್ತಾರೆ. ಕರೆಂಟು ಹೋದ ದಿನ ಮಾತ್ರ ಗೊತ್ತಾಗುತ್ತದೆ, ನಾವು ಹಾಕಿದ ಸೀಲುಗಳು ಬರೀ ಶಾಯಿ ಎಂದು.

ಆ ಒತ್ತಾಯ ಮಾಡಿದರೂ ಎಚ್ಚರ ಬೇಕು. ಡಿಸ್ಕ್‌ಗೆ ಬರೆಯುವಾಗ ದೋಷವಾದರೆ ಲಿನಕ್ಸ್ ಅದನ್ನು ಒಮ್ಮೆ ತಿಳಿಸಿ, ಬರೆಯಲಾಗದ ಪುಟವನ್ನು ಬರೆದಾಯಿತೆಂದೇ ಗುರುತು ಹಾಕಿಕೊಳ್ಳಬಲ್ಲದು, ಎರಡನೆಯ ಸಲ ಕೇಳಿದರೆ "ಎಲ್ಲ ಸರಿ" ಎನ್ನಬಲ್ಲದು ಎಂಬುದು 2018ರಲ್ಲಿ ಪೋಸ್ಟ್‌ಗ್ರೆಸ್ ಬಳಗದವರ ಗಮನಕ್ಕೆ ಬಂತು. ಅಲ್ಲಿಯವರೆಗೆ ಅವರ ಪ್ರೋಗ್ರಾಮು ಮತ್ತೊಮ್ಮೆ ಕೇಳಿ, ಸರಿ ಎಂದರೆ ಮುಂದುವರಿಯುತ್ತಿತ್ತು. ಆಮೇಲೆ ಬದಲಾಯಿಸಿದರು: ಅಂಥ ದೋಷ ಕಂಡರೆ ಕೆಲಸ ಪೂರ್ತಿ ನಿಲ್ಲಿಸಿ, ಲಾಗ್‌ನಿಂದಲೇ ಮತ್ತೆ ಕಟ್ಟಿಕೊಳ್ಳುತ್ತದೆ. ನಿಂತುಹೋದೆ ಎಂದು ಬೈಸಿಕೊಂಡರೂ ಸರಿ, ಸುಳ್ಳು ಹೇಳುವುದಿಲ್ಲ ಎಂಬ ನಿರ್ಧಾರ.

ಅಜ್ಜಿಯ ಹಾಡು

ಇಷ್ಟೆಲ್ಲ ಬಲ್ಲ ನಾನೇ ಒಮ್ಮೆ ಎಡವಿದ್ದನ್ನು ಹೇಳಿ ಮುಗಿಸುತ್ತೇನೆ.

2011ರಲ್ಲಿ ಊರಿಗೆ ಹೋಗಿದ್ದಾಗ, ಹಾಸನದ ಹತ್ತಿರದ ನಮ್ಮ ಹಳ್ಳಿಯಲ್ಲಿ ನನ್ನ ಅಜ್ಜಿಯನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಎರಡು ದಿನ ಸೋಬಾನೆ ಪದಗಳನ್ನು ಹಾಡಿಸಿದೆ. ಒಟ್ಟು 23 ಹಾಡು. ರೆಕಾರ್ಡರ್ ಚಿಕ್ಕಪ್ಪನ ಮಗನದು, ಲ್ಯಾಪ್‌ಟಾಪೂ ಅವನದೇ. ಹೊರಡುವ ದಿನ ಹಾಡುಗಳನ್ನೆಲ್ಲ ನನ್ನ ಪೆನ್ ಡ್ರೈವ್‌ಗೆ ಕಾಪಿ ಮಾಡಿದೆ. ಪರದೆಯ ಮೇಲಿನ ಪಟ್ಟಿ ಸರ್ರನೆ ಕೊನೆ ಮುಟ್ಟಿತು. ಅವನಿಗೆ ಕಾಲೇಜಿನ ಕೆಲಸಕ್ಕೆ ರೆಕಾರ್ಡರ್ ಬೇಕಿತ್ತು. ಖಾಲಿ ಮಾಡಿ ಕೊಟ್ಟೆ. ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. ಪೆನ್ ಡ್ರೈವ್ ಕಿತ್ತು ಪರ್ಸಿಗೆ ಹಾಕಿಕೊಂಡು ಅಜ್ಜಿಗೆ ನಮಸ್ಕಾರ ಮಾಡಿ ಹೊರಟೆ.

ಇಲ್ಲಿಗೆ ಬಂದು ತೆರೆದರೆ ಒಂಬತ್ತು ಹಾಡು ಸರಿಯಾಗಿವೆ. ಹತ್ತನೆಯದು ಅರ್ಧಕ್ಕೆ ನಿಲ್ಲುತ್ತದೆ. ಉಳಿದವು ಹೆಸರಿಗೆ ಮಾತ್ರ ಇವೆ, ಒಳಗೆ ಏನೂ ಇಲ್ಲ.

ಆದದ್ದು ಇಷ್ಟೇ. ಹಾಡುಗಳು ಒಂದು ಗಿಗಾಬೈಟಿಗೂ ಹೆಚ್ಚಿದ್ದವು. ಆ ಪೆನ್ ಡ್ರೈವ್ ಬರೆಯುತ್ತಿದ್ದದ್ದು ಸೆಕೆಂಡಿಗೆ ಐದು ಮೆಗಾಬೈಟಿನ ಆಸುಪಾಸು, ಅಂದರೆ ಮೂರು ನಿಮಿಷಕ್ಕೂ ಹೆಚ್ಚಿನ ಕೆಲಸ. ಪರದೆಯ ಪಟ್ಟಿ ತೋರಿಸಿದ್ದು ಹಾಡುಗಳು ಲ್ಯಾಪ್‌ಟಾಪಿನ ಮೆಮೊರಿ ತಲುಪಿದ್ದನ್ನು, ಡ್ರೈವ್ ತಲುಪಿದ್ದನ್ನಲ್ಲ. ಹದಿಮೂರು ಹಾಡು ಮತ್ತು ಒಂದು ಅರ್ಧ ಹಾಡು ಇನ್ನೂ ದಾರಿಯಲ್ಲಿದ್ದಾಗ ನಾನು ದಾರಿಯನ್ನೇ ಕಿತ್ತುಕೊಂಡು ಬಂದಿದ್ದೆ. ಗ್ರಾಹಕರ ದುಡ್ಡಿಗೆ ದಿನಕ್ಕೆ ಲಕ್ಷ ಸಲ ಎಫ್‌ಸಿಂಕ್ ಮಾಡಿಸುವವಳು ಅಜ್ಜಿಯ ಹಾಡಿಗೆ ಒಂದು ಸಲ ಮಾಡಿಸಲಿಲ್ಲ.

ಮುಂದಿನ ಸಲ ಹಾಡಿಸೋಣ ಎಂದುಕೊಂಡೆ. ಮುಂದಿನ ಸಲ ನಾನು ಹೋಗುವಷ್ಟರಲ್ಲಿ ಅಜ್ಜಿ ಇರಲಿಲ್ಲ. ನಮ್ಮ ಚಿಕ್ಕಮ್ಮನಿಗೆ ಅದರಲ್ಲಿ ಐದಾರು ಪದ ಬರುತ್ತವೆ, ಅವನ್ನು ಆಮೇಲೆ ಹಾಡಿಸಿ ಇಟ್ಟುಕೊಂಡೆ. ಉಳಿದವು ಯಾರಿಗೂ ಬರುವುದಿಲ್ಲ.

ಆದ್ದರಿಂದ ಡೇಟಾಬೇಸಿನ ಗೊಡವೆ ಇಲ್ಲದವರಿಗೂ ಈ ಲೇಖನದಿಂದ ನಾಲ್ಕು ಮಾತು:

ಪೆನ್ ಡ್ರೈವ್ ಅಥವಾ ಹೊರಗಿನ ಡಿಸ್ಕ್ ತೆಗೆಯುವ ಮೊದಲು "ಇಜೆಕ್ಟ್" ಅಥವಾ "ಸೇಫ್ಲಿ ರಿಮೂವ್" ಒತ್ತಿ. ಅದು ಮನೆಬಳಕೆಯ ಎಫ್‌ಸಿಂಕ್. 2018ರ ನಂತರದ ವಿಂಡೋಸ್ ಇಂಥ ಡ್ರೈವ್‌ಗಳಿಗೆ ತಡಮಾಡದೆ ಬರೆಯುವ ಪದ್ಧತಿಯನ್ನೇ ಮೊದಲಿನಿಂದ ಇಟ್ಟಿದೆ, ನಿಜ. ಆದರೂ ಒತ್ತುವುದೇ ಒಳ್ಳೆಯ ಅಭ್ಯಾಸ.

"ತೆಗೆಯಬಹುದು" ಎಂದು ಹೇಳುವವರೆಗೆ ಕಾಯಿರಿ. ತಡವಾಗುತ್ತಿದೆ ಎಂದರೆ ಇನ್ನೂ ಬರೆಯುತ್ತಿದೆ ಎಂದೇ ಅರ್ಥ.

ಕಾಪಿ ಆದ ಮೇಲೆ ಡ್ರೈವ್ ತೆಗೆದು, ಮತ್ತೆ ಹಾಕಿ, ಕೊನೆಯ ಫೈಲನ್ನು ಒಮ್ಮೆ ತೆರೆದು ನೋಡಿ. ಹಾಕಿದಂತೆಯೇ ನೋಡಿದರೆ ಮೆಮೊರಿಯಲ್ಲಿರುವುದನ್ನೇ ತೋರಿಸೀತು.

ಎರಡು ಕಡೆ ಪ್ರತಿ ಇಟ್ಟುಕೊಳ್ಳದೆ ಮೂಲವನ್ನು ಅಳಿಸಬೇಡಿ.

ಬೇಸಿಗೆ ರಜೆಗೆ ನಮ್ಮಲ್ಲಿ ಅನೇಕರು ಊರಿಗೆ ಹೊರಟಿದ್ದೀರಿ. ಅಜ್ಜ ಅಜ್ಜಿಯರ ಹತ್ತಿರ ಕೂತು ಹಾಡು, ಕಥೆ, ಅಡುಗೆ, ಊರಿನ ಹಳೆಯ ಸಂಗತಿಗಳನ್ನು ರೆಕಾರ್ಡ್ ಮಾಡಿಕೊಂಡು ಬನ್ನಿ. ಟ್ಯಾಕ್ಸಿಯವನು ಮೂರು ನಿಮಿಷ ಕಾಯಲಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಸೋಬಾನೆ ಪದಗಳು ಬರುವುದಾದರೆ ದಯವಿಟ್ಟು ಸಂಪಾದಕರಿಗೆ ಮಿಂಚಂಚೆ ಬರೆಯಿರಿ. ಮುಂದಿನ ಕೂಟಕ್ಕೆ ಬರುವಾಗ ನಾನೇ ರೆಕಾರ್ಡರ್ ತರುತ್ತೇನೆ.

ಮತ್ತೆ ಭೇಟಿಯಾಗೋಣ.